ಸಿಡಿಲಿನ ಸದ್ದಿನಾಚೆಯ ಸಣ್ಣ ದನಿ

ಏಪ್ರಿಲ್ ತಿಂಗಳ ಸಂಜೆ ಸಾಗರದಲ್ಲೋ ಹೊಸನಗರದಲ್ಲೋ ಹಳೆಯ ಟ್ರಾನ್ಸಿಸ್ಟರ್ ಒಂದನ್ನು ಮಧ್ಯಮ ತರಂಗಕ್ಕೆ ತಿರುಗಿಸಿ ಜಗುಲಿಯ ಮೇಲೆ ಇಟ್ಟು ನೋಡಿ. ಆಕಾಶ ಶುಭ್ರವಾಗಿರುತ್ತದೆ, ಗಾಳಿಯೂ ಇರುವುದಿಲ್ಲ. ಆದರೂ ರೇಡಿಯೋ ಮಾತ್ರ ಕರಕರ ಎನ್ನುತ್ತದೆ. ನಡುನಡುವೆ ಒಣಗಿದ ಅಡಿಕೆ ಹಾಳೆ ಸೀಳಿದಂತೆ 'ಚರ್ರ್' ಎಂಬ ಸದ್ದು. ಹಿರಿಯರು ಅದನ್ನು ಕೇಳಿ 'ಎಲ್ಲೋ ಮಳೆ ಹಿಡಿದಿದೆ' ಎನ್ನುತ್ತಾರೆ. ಅವರ ಮಾತು ನಿಜ. ನೂರಾರು ಕಿಲೋಮೀಟರ್ ದೂರದಲ್ಲಿ ಸಿಡಿಲು ಹೊಡೆದರೂ ಅದರ ಸುದ್ದಿ ರೇಡಿಯೋಕ್ಕೆ ಆ ಕ್ಷಣದಲ್ಲೇ ಮುಟ್ಟುತ್ತದೆ.

ಭದ್ರಾವತಿಯ ಆಕಾಶವಾಣಿ ನಿಲಯ 1965ರಲ್ಲಿ ಆರಂಭವಾಯಿತು. ಆಮೇಲೆ 675 ಕಿಲೋಹರ್ಟ್ಸ್‌ನಲ್ಲಿ ಬರುತ್ತಿದ್ದ ಅದರ ಕಾರ್ಯಕ್ರಮಗಳನ್ನು ಮಲೆನಾಡಿನ ಒಂದು ತಲೆಮಾರು ಈ ಕರಕರದ ನಡುವೆಯೇ ಕೇಳಿ ಬೆಳೆಯಿತು. ಎಫ್.ಎಂ. ಬಂದ ಮೇಲೆ ಬಹಳ ಜನ ಆ ಸದ್ದನ್ನೇ ಮರೆತರು. ಆದರೆ ಮರೆಯಲು ಸಾಧ್ಯವೇ ಇಲ್ಲದ ಒಂದು ಗುಂಪು ಇದೆ. ಅವರು ಹವ್ಯಾಸಿ ರೇಡಿಯೋದವರು, ಅಂದರೆ 'ಹ್ಯಾಮ್'ಗಳು. ಸರ್ಕಾರದಿಂದ ಪರವಾನಗಿ ಪಡೆದು, ತಮ್ಮದೇ ಯಂತ್ರ, ತಮ್ಮದೇ ತಂತಿ ಬಳಸಿ ದೂರದವರೊಡನೆ ಮಾತನಾಡುವವರು. ಕೆಳ ಆವರ್ತಾಂಕದ ಪಟ್ಟಿಗಳಲ್ಲಿ ಅವರಿಗೆ ಎದುರಾಗುವ ಮೊದಲ ಶತ್ರು ಈ ಸಿಡಿಲಿನ ಗದ್ದಲ.

ಗದ್ದಲ ಇಲ್ಲದ ಮೇಲಿನ ಪಟ್ಟಿಗೆ ಹೋದರಾಗದೆ ಎಂದು ಯಾರಾದರೂ ಕೇಳಬಹುದು. ಬಯಲುಸೀಮೆಯಲ್ಲಿ ಆಗಬಹುದು. ಮಲೆನಾಡಿನಲ್ಲಿ ಅದು ಅಷ್ಟು ಸುಲಭವಲ್ಲ.

ಗುಡ್ಡ ದಾಟುವ ಅಲೆ

ಪೊಲೀಸರ ಕೈಯಲ್ಲಿರುವಂಥ ವಾಕಿಟಾಕಿಗಳು ಸಾಮಾನ್ಯವಾಗಿ ನೂರು ಮೆಗಾಹರ್ಟ್ಸ್‌ಗಿಂತ ಮೇಲಿನ ಆವರ್ತಾಂಕದಲ್ಲಿ ಕೆಲಸ ಮಾಡುತ್ತವೆ. ಆ ಅಲೆಗಳ ನಡೆ ಬಹುಮಟ್ಟಿಗೆ ಬೆಳಕಿನ ನಡೆ. ನೇರ ಹೋಗುತ್ತವೆ, ಗುಡ್ಡ ಅಡ್ಡ ಬಂದರೆ ನಿಲ್ಲುತ್ತವೆ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಯೇ 1,343 ಮೀಟರ್ ಎತ್ತರ. ಅದರ ಸುತ್ತ ಸಾಲುಸಾಲು ಗುಡ್ಡಗಳು, ಅವುಗಳ ನಡುವಿನ ಕಣಿವೆಗಳಲ್ಲಿ ಒಂಟಿ ಮನೆಗಳು. ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಗುತ್ತದೆ. ಒಂದೆರಡು ದಿನ ಬಾರದಿದ್ದರೆ ಮೊಬೈಲ್ ಗೋಪುರದ ಬ್ಯಾಟರಿಯೂ ಮುಗಿಯುತ್ತದೆ. ಹೊಳೆ ದಾಟಲಾಗದ ಊರಿನಲ್ಲಿ ಒಬ್ಬರಿಗೆ ಎದೆನೋವು ಬಂದರೆ ಆ ಸುದ್ದಿ ತಾಲ್ಲೂಕು ಕೇಂದ್ರಕ್ಕೆ ಮುಟ್ಟುವುದು ಹೇಗೆ?

ಇಂಥ ಕಡೆ ನೆರವಿಗೆ ಬರುವುದು ಕೆಳಗಿನ ಪಟ್ಟಿಗಳು. ಹ್ಯಾಮ್‌ಗಳು ಬಳಸುವ 3.5 ಮೆಗಾಹರ್ಟ್ಸ್‌ನ '80 ಮೀಟರ್' ಪಟ್ಟಿ ಮತ್ತು 7 ಮೆಗಾಹರ್ಟ್ಸ್‌ನ '40 ಮೀಟರ್' ಪಟ್ಟಿಯ ಅಲೆಗಳನ್ನು ನೇರ ಮೇಲಕ್ಕೆ ಕಳಿಸಿದರೆ, ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದ ಅಯಾನುಗೋಳಕ್ಕೆ ತಾಗಿ ಕೊಡೆಯ ಹಾಗೆ ಹರಡಿ ಕೆಳಗಿಳಿಯುತ್ತವೆ. ಮೇಲಿನಿಂದ ಇಳಿಯುವ ಅಲೆಗೆ ಗುಡ್ಡವೇನು, ಕಣಿವೆಯೇನು? ಹಗಲಿನಲ್ಲಿ 7 ಮೆಗಾಹರ್ಟ್ಸ್, ರಾತ್ರಿ 3.5 ಮೆಗಾಹರ್ಟ್ಸ್ ಎಂಬುದು ಇದಕ್ಕೆ ಸಾಮಾನ್ಯ ಲೆಕ್ಕ. 2004ರ ಡಿಸೆಂಬರ್‌ನಲ್ಲಿ ಸುನಾಮಿ ಅಪ್ಪಳಿಸಿದಾಗ ಅಂಡಮಾನ್ ದ್ವೀಪಗಳಲ್ಲಿ ಉಳಿದ ಸಂಪರ್ಕಗಳು ಕಡಿದುಹೋಗಿದ್ದವು. ಆಗ ಪೋರ್ಟ್‌ಬ್ಲೇರ್‌ನಲ್ಲಿದ್ದ ಭಾರತಿ ಪ್ರಸಾದ್ ಮತ್ತು ಅವರ ಹ್ಯಾಮ್ ತಂಡ ರೇಡಿಯೋ ಮೂಲಕವೇ ಜನರ ಸುದ್ದಿಯನ್ನು ಹೊರಗೆ ಮುಟ್ಟಿಸಿತು.

ಆದ್ದರಿಂದ ಕೆಳಗಿನ ಪಟ್ಟಿಯಲ್ಲಿ ಒಂದು ಸಣ್ಣ ದನಿ ಕೇಳಿಸುತ್ತದೆಯೇ ಇಲ್ಲವೇ ಎಂಬುದು ಬರಿಯ ಹವ್ಯಾಸದ ಪ್ರಶ್ನೆ ಅಲ್ಲ. ಆ ದನಿ ಹೊಳೆಯಾಚೆಯಿಂದ ಬಂದ ನೆರವಿನ ಕರೆಯೂ ಆಗಿರಬಹುದು. ಗುಡ್ಡ ದಾಟುವ ಪಟ್ಟಿಯಲ್ಲೇ ಸಿಡಿಲಿನ ಗದ್ದಲವೂ ಜಾಸ್ತಿ ಇರುವುದು ನಮ್ಮ ಕಷ್ಟ.

ಸಿಡಿಲೆಂಬ ಆಕಾಶವಾಣಿ

ಸಿಡಿಲು ಎಂದರೆ ಮೂಲತಃ ಒಂದು ಪ್ರಚಂಡ ಕಿಡಿ. ಸಾಧಾರಣ ಸಿಡಿಲೊಂದರಲ್ಲಿ ಸುಮಾರು 30,000 ಆಂಪೇರ್ ವಿದ್ಯುತ್ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದಷ್ಟು ಹೊತ್ತಿನಲ್ಲಿ ಹರಿದುಬಿಡುತ್ತದೆ. ವಿದ್ಯುತ್ ಹೀಗೆ ಥಟ್ಟನೆ ಏರಿ ಇಳಿದಾಗ ರೇಡಿಯೋ ಅಲೆಗಳು ಹುಟ್ಟುತ್ತವೆ. ಮಾರ್ಕೋನಿಯ ಮೊದಲ ಯಂತ್ರಗಳಲ್ಲೂ ಕಿಡಿಯೇ ಅಲೆ ಎಬ್ಬಿಸುತ್ತಿತ್ತು. ರಷ್ಯದ ಪೊಪೋವ್ 1895ರಲ್ಲಿ ತೋರಿಸಿದ ಗ್ರಾಹಕಯಂತ್ರ ದೂರದ ಸಿಡಿಲನ್ನೇ ಹಿಡಿದು ಗಂಟೆ ಬಾರಿಸುತ್ತಿತ್ತು. ಅಂದರೆ ಮನುಷ್ಯ ಆಕಾಶವಾಣಿ ಕಟ್ಟುವ ಮೊದಲೇ ಆಕಾಶಕ್ಕೆ ತನ್ನದೇ ವಾಣಿ ಇತ್ತು.

ಈ ವಾಣಿಗೆ ನಿಗದಿಯಾದ ಒಂದು ಆವರ್ತಾಂಕ ಇಲ್ಲ. ಐದರಿಂದ ಹತ್ತು ಕಿಲೋಹರ್ಟ್ಸ್ ಸುತ್ತ ಅದರ ಬಲ ಹೆಚ್ಚು. ಅಲ್ಲಿಂದ ಮೇಲೆ ಹೋದಂತೆ ಕ್ಷೀಣಿಸುತ್ತ ಹೋಗುತ್ತದೆ. ಎಫ್.ಎಂ. ನಿಲಯಗಳಿರುವ ನೂರು ಮೆಗಾಹರ್ಟ್ಸ್ ಮುಟ್ಟುವ ಹೊತ್ತಿಗೆ ದೂರದ ಸಿಡಿಲು ಲೆಕ್ಕಕ್ಕೇ ಬರುವುದಿಲ್ಲ. ಉಪಗ್ರಹಗಳ ಎಣಿಕೆಯಂತೆ ಭೂಮಿಯ ಮೇಲೆ ಸೆಕೆಂಡಿಗೆ ಸರಾಸರಿ 44 ಮಿಂಚುಗಳು ಹೊಳೆಯುತ್ತವೆ. ಅವುಗಳಲ್ಲಿ ಮುಕ್ಕಾಲು ಪಾಲು ನಮ್ಮಂಥ ಉಷ್ಣವಲಯದ ಆಸುಪಾಸಿನಲ್ಲಿ. ಯುರೋಪಿನ ಹ್ಯಾಮ್‌ಗೆ ಸಿಡಿಲು ದೂರದ ನೆಂಟ. ನಮಗೆ ಮನೆಯ ಪಕ್ಕದವನು.

ಹಗಲಿಗೂ ರಾತ್ರಿಗೂ ಇರುವ ವ್ಯತ್ಯಾಸವನ್ನೂ ಗಮನಿಸಬೇಕು. ಹಗಲಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ 'ಡಿ' ಎಂಬ ಪದರ ಏರ್ಪಟ್ಟು ಕೆಳ ಆವರ್ತಾಂಕದ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದೊಡನೆ ಆ ಪದರ ಕರಗುತ್ತದೆ. ಆಗ ದೂರದ ನಿಲಯಗಳೂ ಕೇಳಿಸುತ್ತವೆ, ದೂರದ ಸಿಡಿಲುಗಳೂ ಕೇಳಿಸುತ್ತವೆ. ಬಾಗಿಲು ತೆರೆದಾಗ ನೆಂಟರ ಜೊತೆಗೆ ನೊಣವೂ ಒಳಗೆ ಬಂದ ಹಾಗೆ.

ಋತುವಿನ ಲೆಕ್ಕದಲ್ಲಿ ಒಂದು ವಿಚಿತ್ರ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ಅದರ ಬಹುಪಾಲು ಸುರಿಯುವುದು ಜೂನ್‌ನಿಂದ ಆಗಸ್ಟ್‌ವರೆಗೆ. ಹಾಗಾದರೆ ರೇಡಿಯೋ ಗದ್ದಲವೂ ಆಗಲೇ ಹೆಚ್ಚಿರಬೇಕಲ್ಲವೇ? ಇಲ್ಲ. ಘಟ್ಟಕ್ಕೆ ತಾಗಿ ಏರುವ ಮುಂಗಾರಿನ ಮೋಡಗಳು ಹೆಚ್ಚು ಎತ್ತರಕ್ಕೆ ಬೆಳೆಯುವುದಿಲ್ಲ. ಅವು ಧಾರಾಳವಾಗಿ ಸುರಿಯುತ್ತವೆ, ಆದರೆ ಗುಡುಗುವುದು ಕಡಿಮೆ. ಏಪ್ರಿಲ್, ಮೇ ತಿಂಗಳ ಒಂದು ಗಂಟೆಯ ಬೇಸಗೆ ಮಳೆ ಅಥವಾ ಅಕ್ಟೋಬರ್‌ನ ಹಿಂಗಾರು ತರುವ ಎತ್ತರದ ಮೋಡಗಳಲ್ಲೇ ಸಿಡಿಲಿನ ಅಬ್ಬರ ಜಾಸ್ತಿ. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೆಳ ಪಟ್ಟಿಗಳು ನಮ್ಮಲ್ಲಿ ತಕ್ಕಮಟ್ಟಿಗೆ ಶಾಂತ. ಗುಡುಗಿನ ಮೋಡಗಳು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬೆಳೆಯುವುದರಿಂದ ದಿನದಲ್ಲಿ ಬೆಳಗಿನ ಹೊತ್ತು ಒಳ್ಳೆಯದು. ಸರಿಯಾದ ಹೊತ್ತನ್ನು ಆರಿಸಿಕೊಳ್ಳುವುದೇ ಕಾಸು ಖರ್ಚಿಲ್ಲದ ಮೊದಲ ಉಪಾಯ.

ಅಕ್ಕಿ ಮತ್ತು ಕಲ್ಲು

ಸರಿಯಾಗಿ ಕೇಳಿಸದಿದ್ದರೆ ಎಲ್ಲರೂ ಮಾಡುವ ಕೆಲಸ ಎರಡು. ಸದ್ದು ಜೋರು ಮಾಡುವುದು ಮತ್ತು ಆಂಟೆನಾ ತಂತಿಯನ್ನು ಇನ್ನೂ ಉದ್ದ, ಇನ್ನೂ ಎತ್ತರ ಮಾಡುವುದು. ಟಿ.ವಿ.ಗೆ ಆಂಟೆನಾ ಕಟ್ಟಿದ ಅನುಭವ ಇರುವವರಿಗೆ ಎರಡನೆಯದು ಸಹಜವಾಗಿಯೇ ಹೊಳೆಯುತ್ತದೆ. ಆದರೆ ಕೆಳ ಆವರ್ತಾಂಕದಲ್ಲಿ ಲೆಕ್ಕ ಬೇರೆ.

ಪ್ರತಿಯೊಂದು ರೇಡಿಯೋದ ಒಳಗೂ ಅದರದೇ ಬಿಡಿಭಾಗಗಳಿಂದ ಹುಟ್ಟುವ ಸಣ್ಣ ಸದ್ದು ಇರುತ್ತದೆ. ಮೇಲಿನ ಆವರ್ತಾಂಕಗಳಲ್ಲಿ ನಮಗೆ ಅಡ್ಡಿ ಮಾಡುವುದು ಮುಖ್ಯವಾಗಿ ಇದು. ಅಲ್ಲಿ ಆಂಟೆನಾ ದೊಡ್ಡದಾದಷ್ಟೂ ಲಾಭ. 3.5 ಮೆಗಾಹರ್ಟ್ಸ್‌ನಲ್ಲಿ ಹೊರಗಿನಿಂದ ಬರುವ ಗದ್ದಲ ಈ ಒಳಗಿನ ಸದ್ದಿಗಿಂತ ಸಾವಿರಾರು ಪಟ್ಟು ಹೆಚ್ಚು. ಅದು ಬರುವುದು ನಮಗೆ ಬೇಕಾದ ಸಂಕೇತ ಬರುವ ದಾರಿಯಲ್ಲೇ, ಅದೇ ತಂತಿಯಲ್ಲೇ. ಕಲ್ಲು ಬೆರೆತ ಅಕ್ಕಿಯನ್ನು ಒಂದು ಸೇರಿನ ಬದಲು ಹತ್ತು ಸೇರು ತಂದರೆ ಕಲ್ಲೂ ಹತ್ತು ಪಟ್ಟಾಗುತ್ತದೆ. ಅನ್ನ ಚೆನ್ನಾಗಬೇಕಾದರೆ ಅಕ್ಕಿ ಜಾಸ್ತಿ ಬೇಕಿಲ್ಲ, ಕಲ್ಲು ಕಡಿಮೆಯಾಗಬೇಕು.

ಎಂಜಿನಿಯರುಗಳು ಇದನ್ನೇ ಸಂಕೇತ ಮತ್ತು ಗದ್ದಲದ ಅನುಪಾತ ಎನ್ನುತ್ತಾರೆ. ಸಂಕೇತ ಎಷ್ಟು ದೊಡ್ಡದು ಎಂಬುದಕ್ಕಿಂತ ಗದ್ದಲಕ್ಕೆ ಹೋಲಿಸಿದರೆ ಎಷ್ಟು ದೊಡ್ಡದು ಎಂಬುದು ಮುಖ್ಯ. ಸಂಕೇತ ಅರ್ಧಕ್ಕೆ ಇಳಿದರೂ ಚಿಂತೆಯಿಲ್ಲ, ಗದ್ದಲ ಹತ್ತರಲ್ಲೊಂದಕ್ಕೆ ಇಳಿದರೆ ನಾವು ಗೆದ್ದಂತೆ. ಕಳೆದುಹೋದ ಬಲವನ್ನು ರೇಡಿಯೋದ ಗುಂಡಿ ತಿರುಗಿಸಿ ಮತ್ತೆ ಪಡೆಯಬಹುದು. ಹಾಗಾಗಿ ಹೆಚ್ಚು ಕೇಳುವುದಕ್ಕಿಂತ ಬೇಡದ್ದನ್ನು ಬಿಡುವುದೇ ಈ ವಿದ್ಯೆಯ ಸಾರ. ಅದನ್ನು ಮಾಡುವ ದಾರಿಗಳನ್ನು ಒಂದೊಂದಾಗಿ ನೋಡೋಣ.

ಮೊದಲು ಮನೆಯೊಳಗಿನ ಸದ್ದು

ಎಲ್ಲ ತಪ್ಪನ್ನೂ ಸಿಡಿಲಿನ ತಲೆಗೆ ಕಟ್ಟುವ ಮೊದಲು ಮನೆಯನ್ನು ತಪಾಸಣೆ ಮಾಡಬೇಕು. ಬ್ಯಾಟರಿಯಿಂದ ನಡೆಯುವ ರೇಡಿಯೋ ಇಟ್ಟುಕೊಂಡು ಮನೆಯ ಮೇನ್ ಸ್ವಿಚ್ ಆರಿಸಿ. ಗದ್ದಲ ಥಟ್ಟನೆ ಇಳಿದರೆ ಕಳ್ಳ ಮನೆಯಲ್ಲೇ ಇದ್ದಾನೆ. ಅಗ್ಗದ ಎಲ್.ಇ.ಡಿ. ಬಲ್ಬು, ಮೊಬೈಲ್ ಚಾರ್ಜರ್, ಇನ್ವರ್ಟರ್, ಸೋಲಾರ್ ಚಾರ್ಜರ್, ಇವು ಒಳಗೊಳಗೇ ಸೆಕೆಂಡಿಗೆ ಸಾವಿರಾರು ಬಾರಿ ವಿದ್ಯುತ್ತನ್ನು ಕಡಿದು ಕೂಡಿಸುತ್ತವೆ. ಪ್ರತಿ ಕಡಿತವೂ ಒಂದು ಚಿಕ್ಕ ಸಿಡಿಲಿದ್ದಂತೆ.

ಕಿವಿಯಿಂದಲೇ ಇವುಗಳನ್ನು ಗುರುತಿಸಬಹುದು. ಸಿಡಿಲಿನ ಸದ್ದಿಗೆ ತಾಳವಿಲ್ಲ. ಅದು ಮನಸ್ಸು ಬಂದಾಗ ಬರುತ್ತದೆ, ಬಂದು ಹೋಗುತ್ತದೆ. ಒಂದೇ ಸಮನೆ 'ಗುಂಯ್' ಎಂದರೆ ಅದು ಕರೆಂಟಿನ ಸದ್ದು. ಕಂಬದ ಮೇಲೆ ಪಿಂಗಾಣಿ ಬಿರುಕು ಬಿಟ್ಟಿದ್ದರೂ, ಮರದ ಟೊಂಗೆ ತಂತಿಗೆ ತಾಗುತ್ತಿದ್ದರೂ ಹೀಗಾಗುತ್ತದೆ. ಕಂಬದ ಹತ್ತಿರ ಸುಳಿಯದೆ ಲೈನ್‌ಮನ್‌ಗೆ ತಿಳಿಸಿ. ಗಡಿಯಾರದ ಹಾಗೆ ಸೆಕೆಂಡಿಗೊಮ್ಮೆ 'ಟಿಕ್ ಟಿಕ್' ಎಂದರೆ ಅದು ಹಂದಿ, ಕಾಡುಕೋಣ ಬಾರದಿರಲೆಂದು ತೋಟದ ಸುತ್ತ ಹಾಕಿದ ಸೋಲಾರ್ ಬೇಲಿ ಇರಬಹುದು. ಬೇಲಿಯ ತಂತಿಗೆ ಹುಲ್ಲು, ಬಳ್ಳಿ ತಾಗಿ ಕಿಡಿ ಹಾರುವಲ್ಲಿ ಈ ಟಿಕ್ ಜೋರಾಗುತ್ತದೆ. ಬೇಲಿಯ ಯಂತ್ರ ನಿಲ್ಲಿಸಿಕೊಂಡು ಬಳ್ಳಿ ಸವರಿದರೆ ಬೇಲಿಗೂ ಒಳ್ಳೆಯದು, ರೇಡಿಯೋಕ್ಕೂ ಒಳ್ಳೆಯದು.

ಕಿವಿಗೆ ಅಂಗೈ ಆನಿಸಿದ ಹಾಗೆ

ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಯಾರೋ ಕೂಗಿದರೆ ನಾವೇನು ಮಾಡುತ್ತೇವೆ? ಕಿವಿಗೆ ಅಂಗೈ ಆನಿಸಿ ಆ ಕಡೆಗೆ ತಿರುಗುತ್ತೇವೆ. ಬೇಡದ ಕಡೆಗೆ ಕಿವುಡಾಗುವುದು ಈ ಉಪಾಯದ ಗುಟ್ಟು. ರೇಡಿಯೋದಲ್ಲಿ ಈ ಕೆಲಸ ಮಾಡುವುದು ಸುರುಳಿ ಆಂಟೆನಾ, ಹ್ಯಾಮ್‌ಗಳ ಮಾತಿನಲ್ಲಿ 'ಲೂಪ್'.

ಮರದ ಚೌಕಟ್ಟಿಗೆ ತಂತಿ ಸುತ್ತಿ ಬಾಗಿಲಿನಂತೆ ನೆಟ್ಟಗೆ ನಿಲ್ಲಿಸಿದರೆ ಅದೇ ಲೂಪ್. ಅದರ ಅಂಚುಗಳು ತೋರುವ ಎರಡು ದಿಕ್ಕುಗಳಿಂದ ಬರುವ ಅಲೆ ಚೆನ್ನಾಗಿ ಕೇಳಿಸುತ್ತದೆ. ಅದರ ಮುಖ ಮತ್ತು ಬೆನ್ನಿನ ಕಡೆಯಿಂದ ನೆಲದ ಮೇಲೆ ಬರುವ ಅಲೆ ಸುರುಳಿಯ ಎರಡೂ ಬದಿಗೆ ಒಮ್ಮೆಗೇ ತಾಗುತ್ತದೆ. ಎರಡು ಬದಿಯಲ್ಲಿ ಹುಟ್ಟಿದ ವಿದ್ಯುತ್ತು ಒಂದನ್ನೊಂದು ಹೊಡೆದುಹಾಕುತ್ತದೆ. ಸರಿಯಾಗಿ ತಿರುಗಿಸಿ ನಿಲ್ಲಿಸಿದರೆ ಆ ಕಡೆಯ ಗದ್ದಲದ ಬಲ ನೂರರಲ್ಲೊಂದಕ್ಕೆ ಇಳಿಯುವುದುಂಟು.

ಈಗ ಜಿಲ್ಲೆಯ ನಕ್ಷೆ ನೋಡಿ. ಉತ್ತರಕ್ಕೆ ಸಾಗರ, ನಡುವೆ ಹೊಸನಗರ, ದಕ್ಷಿಣಕ್ಕೆ ತುಸು ಪೂರ್ವಕ್ಕೆ ವಾಲಿದಂತೆ ತೀರ್ಥಹಳ್ಳಿ. ಮೂರೂ ಊರುಗಳು ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಕಾಗೆ ಹಾರಿದ ದಾರಿಯಲ್ಲಿ ಸುಮಾರು 30 ಕಿಲೋಮೀಟರ್. ಹೊಸನಗರದ ಹ್ಯಾಮ್ ಒಬ್ಬರು ತಮ್ಮ ಲೂಪನ್ನು ಉತ್ತರ ದಕ್ಷಿಣವಾಗಿ ನಿಲ್ಲಿಸಿದರೆ ಸಾಗರವೂ ಕೇಳುತ್ತದೆ, ತೀರ್ಥಹಳ್ಳಿಯೂ ಕೇಳುತ್ತದೆ. ನೇರ ಪೂರ್ವದ ಶಿವಮೊಗ್ಗದ ಮೇಲೆ ಗುಡುಗುವ ಮೋಡಕ್ಕೂ ಪಶ್ಚಿಮದ ಕರಾವಳಿಯ ಸಿಡಿಲಿಗೂ ಆ ಲೂಪ್ ಬಹುಮಟ್ಟಿಗೆ ಕಿವುಡು. ಇನ್ನೊಂದು ಅನುಕೂಲವೂ ಇದೆ. ನೆಟ್ಟಗೆ ನಿಂತ ಲೂಪ್ ನೆತ್ತಿಯ ಮೇಲಿನಿಂದ ಇಳಿಯುವ ಅಲೆಯನ್ನು ಬಿಡುವುದಿಲ್ಲ. ಗುಡ್ಡ ದಾಟಿಸಲು ನಾವು ನೆಚ್ಚಿಕೊಂಡದ್ದು ಆ ಅಲೆಯನ್ನೇ ತಾನೆ?

ಲೂಪಿಗೂ ಮಿತಿಗಳಿವೆ. ಸುತ್ತಲೂ ಗುಡುಗುತ್ತಿದ್ದರೆ ಯಾವ ಕಡೆ ತಿರುಗಿಸಿದರೂ ಅಷ್ಟೆ. ರಾತ್ರಿ ಬಹಳ ದೂರದಿಂದ ಅಯಾನುಗೋಳಕ್ಕೆ ತಾಗಿ ಓರೆಯಾಗಿ ಬರುವ ಸಿಡಿಲಿನ ಅಲೆಯನ್ನು ಅದು ಪೂರ್ತಿ ತಡೆಯಲಾರದು. ಅದಕ್ಕೆ ಮುಂದಿನ ಉಪಾಯ.

ಎತ್ತರಕ್ಕಲ್ಲ, ತಗ್ಗಿಗೆ

80 ಮೀಟರ್ ಪಟ್ಟಿಗೆ ಸಾಮಾನ್ಯವಾಗಿ ಕಟ್ಟುವುದು ಅರ್ಧ ಅಲೆಯುದ್ದದ ತಂತಿ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅದರ ಉದ್ದ ಮೀಟರಿನಲ್ಲಿ ಸಿಗುತ್ತದೆ. 3.6 ಮೆಗಾಹರ್ಟ್ಸ್‌ಗೆ ಸುಮಾರು 40 ಮೀಟರ್. ಒಂಬತ್ತು ಅಡಿಗೊಂದು ಮರ ಇರುವ ಅಡಿಕೆ ತೋಟದಲ್ಲಿ ಹದಿನೈದು ಮರಗಳಷ್ಟು ದೂರ. ಇದನ್ನು ಮರದ ತುದಿಗೇ ಕಟ್ಟಬೇಕೆಂದು ಅನಿಸುತ್ತದೆ. ಆದರೆ ಕೇಳುವುದಕ್ಕೆ ಮಾತ್ರವಾದರೆ ಮೂರು ನಾಲ್ಕು ಮೀಟರ್ ಎತ್ತರವೇ ಮೇಲು. ಅಡ್ಡವಾಗಿ ತಗ್ಗಿನಲ್ಲಿ ಕಟ್ಟಿದ ತಂತಿ ನೆತ್ತಿಯ ಮೇಲಿನ ಅಲೆಯನ್ನು ಕೇಳುತ್ತದೆ. ದಿಗಂತದ ಕಡೆಯಿಂದ ಬರುವುದಕ್ಕೆ ಅಷ್ಟಾಗಿ ಕಿವಿಗೊಡುವುದಿಲ್ಲ. ಅಕ್ಕಪಕ್ಕದ ತಾಲ್ಲೂಕಿನ ಮಾತು ಮೇಲಿನಿಂದ ಇಳಿಯುತ್ತದೆ. ಸಾವಿರ ಕಿಲೋಮೀಟರ್ ದೂರದ ಸಿಡಿಲು ದಿಗಂತದ ಕಡೆಯಿಂದ ಬರುತ್ತದೆ. ತಗ್ಗಿದ ತಂತಿ ಎರಡನ್ನೂ ಕಡಿಮೆ ಬಲದಲ್ಲಿ ಹಿಡಿದರೂ ಎರಡನೆಯದನ್ನು ಹೆಚ್ಚು ಬಿಡುತ್ತದೆ. ಕಲ್ಲು ಆರಿಸುವ ಕೆಲಸ ಆದಂತಾಯಿತು.

ಮಳೆಗಾಲಕ್ಕೆ ಇನ್ನೊಂದು ಮಾತು. ವಿದ್ಯುದಂಶ ಹೊತ್ತ ಹನಿಗಳು ಬರಿಯ ತಂತಿಗೆ ಬಡಿದಾಗಲೂ ಒಂದು ಬಗೆಯ ಸುಯ್ ಸದ್ದು ಹುಟ್ಟುತ್ತದೆ. ಪ್ಲಾಸ್ಟಿಕ್ ಹೊದಿಕೆಯ ತಂತಿ ಬಳಸಿದರೆ, ತುದಿಗಳು ಚೂಪಾಗಿರದಂತೆ ಮಡಚಿ ಕಟ್ಟಿದರೆ ಅದು ತಗ್ಗುತ್ತದೆ.

ಕಿಂಡಿ ಕಿರಿದು ಮಾಡುವುದು

ಸಿಡಿಲಿನ ಗದ್ದಲ ಇಡೀ ಪಟ್ಟಿಯ ಮೇಲೆ ಹರಡಿರುತ್ತದೆ. ಮನುಷ್ಯರ ಮಾತಿಗೆ ಸುಮಾರು 2,500 ಹರ್ಟ್ಸ್ ಅಗಲದ ಕಿಂಡಿ ಬೇಕು. ಮೋರ್ಸ್ ಸಂಕೇತದ 'ಕಟ್ಟ ಕಡ'ಕ್ಕೆ 250 ಹರ್ಟ್ಸ್ ಸಾಕು. ಕಿಂಡಿ ಹತ್ತರಲ್ಲೊಂದಾದರೆ ಒಳಗೆ ನುಗ್ಗುವ ಗದ್ದಲವೂ ಸುಮಾರು ಹತ್ತರಲ್ಲೊಂದು. ಸಂಕೇತ ಮಾತ್ರ ಪೂರ್ತಿ ಬರುತ್ತದೆ. ಮಾತು ಕೇಳಿಸದ ಹೊತ್ತಿನಲ್ಲೂ ಮೋರ್ಸ್ ಏಕೆ ದಾಟುತ್ತದೆ ಎಂಬುದಕ್ಕೆ ಇದೇ ಕಾರಣ.

ಇನ್ನೊಂದು ಉಪಾಯ ಕತ್ತರಿಸುವುದು. ಚಂಡೆಯ ಪೆಟ್ಟು ಬಿದ್ದಾಗ ಪಕ್ಕದವರ ಮಾತು ಮುಚ್ಚಿಹೋದರೂ ಎರಡು ಪೆಟ್ಟಿನ ನಡುವೆ ಕೇಳಿಸುತ್ತದಲ್ಲವೇ? ರೇಡಿಯೋದಲ್ಲೂ ಪೆಟ್ಟು ಬಿದ್ದ ಕ್ಷಣ ಮಾತ್ರ ಬಾಯಿ ಮುಚ್ಚಿಸುವ ಮಂಡಲ ಇರುತ್ತದೆ. ಬೇಲಿಯ ಟಿಕ್ ಟಿಕ್‌ನಂಥ ಚುಟುಕು ಸದ್ದಿಗೆ ಅದು ರಾಮಬಾಣ. ಉರುಳುತ್ತ ಬರುವ ಉದ್ದನೆಯ ಸಿಡಿಲಿನ ಸದ್ದಿಗೆ ಅಷ್ಟು ನಾಟುವುದಿಲ್ಲ. ಅದಕ್ಕೆ ಕನಿಷ್ಠ ಕಿವಿಯನ್ನಾದರೂ ಕಾಯುವ ಸರಳ ಕ್ರಮ ಎಂದರೆ ಹೆಡ್‌ಫೋನಿನ ಎರಡು ತಂತಿಗಳ ನಡುವೆ ಒಂದಕ್ಕೊಂದು ತಲೆಕೆಳಗಾಗಿ ಎರಡು ಸಿಲಿಕಾನ್ ಡಯೋಡ್ ಬೆಸೆಯುವುದು. 1ಎನ್4148 ಎಂಬ ಮಾದರಿ ಕೆಲವೇ ರೂಪಾಯಿಗೆ ಸಿಗುತ್ತದೆ. ಸದ್ದಿನ ವೋಲ್ಟೇಜು ಸುಮಾರು 0.6ಕ್ಕಿಂತ ಮೇಲೇರಿದೊಡನೆ ಡಯೋಡ್‌ಗಳು ಅದನ್ನು ಅಲ್ಲೇ ತಡೆಯುತ್ತವೆ.

ಗದ್ದಲದಲ್ಲಿ ಸಿಕ್ಕ ಆಕಾಶಗಂಗೆ

ಇಷ್ಟೆಲ್ಲ ಪಾಡು ಪಟ್ಟು ಗದ್ದಲವನ್ನು ಅಟ್ಟಲು ಹೊರಟವರಲ್ಲಿ ಒಬ್ಬನ ಕತೆ ಮಕ್ಕಳಿಗೆ ಹೇಳಲೇಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕಾರ್ಲ್ ಜಾನ್ಸ್ಕಿ ಎಂಬ ತರುಣ ಎಂಜಿನಿಯರ್ ಇದ್ದ. ಸಮುದ್ರದಾಚೆಗೆ ರೇಡಿಯೋ ಫೋನಿನಲ್ಲಿ ಮಾತನಾಡುವಾಗ ಬರುವ ಕರಕರ ಎಲ್ಲಿಂದ ಎಂದು ಹುಡುಕುವುದು ಅವನ ಕೆಲಸ. ಅವನು ಹಳೆಯ ಫೋರ್ಡ್ ಕಾರಿನ ಚಕ್ರಗಳ ಮೇಲೆ ತಿರುಗುವ ದೊಡ್ಡ ಆಂಟೆನಾ ಕಟ್ಟಿ 20.5 ಮೆಗಾಹರ್ಟ್ಸ್‌ನಲ್ಲಿ ಸುತ್ತಲೂ ಕಿವಿಗೊಟ್ಟ. ಮೂರು ಬಗೆಯ ಸದ್ದು ಸಿಕ್ಕಿತು. ಹತ್ತಿರದ ಗುಡುಗು, ದೂರದ ಗುಡುಗು, ಮತ್ತು ಎಲ್ಲಿಂದ ಎಂದು ತಿಳಿಯದ ಒಂದು ಸಣ್ಣ ಸುಯ್ ಸದ್ದು. ಈ ಮೂರನೆಯದು ದಿನಕ್ಕೊಮ್ಮೆ ಏರಿ ಇಳಿಯುತ್ತಿತ್ತು. ಆದರೆ 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ. ಅದು ಸೂರ್ಯನ ದಿನವಲ್ಲ, ನಕ್ಷತ್ರಗಳ ದಿನ! ಆ ಸದ್ದು ಧನು ರಾಶಿಯ ಕಡೆಯಿಂದ, ನಮ್ಮ ಆಕಾಶಗಂಗೆಯ ನಡುವಿನಿಂದ ಬರುತ್ತಿತ್ತು. 1933ರಲ್ಲಿ ಅವನು ಇದನ್ನು ಪ್ರಕಟಿಸಿದಾಗ ರೇಡಿಯೋ ಖಗೋಳವಿಜ್ಞಾನ ಹುಟ್ಟಿತು.

ಆ ವಿಜ್ಞಾನದ ಒಂದು ಕವಲು ಕರ್ನಾಟಕದಲ್ಲೇ ಬೆಳೆಯಿತು. ಗೌರಿಬಿದನೂರಿನ ಬಳಿ ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ಸಾವಿರ ಡೈಪೋಲ್‌ಗಳ ದೂರದರ್ಶಕ ಕಟ್ಟಿದವು. ಡೈಪೋಲ್ ಎಂದರೆ ಮೇಲೆ ಹೇಳಿದ ಅರ್ಧ ಅಲೆಯುದ್ದದ ತಂತಿಯ ಬಂಧುವೇ. ಇಂಗ್ಲಿಷಿನ 'ಟಿ' ಅಕ್ಷರದ ಆಕಾರದಲ್ಲಿ ಪೂರ್ವ ಪಶ್ಚಿಮಕ್ಕೆ 1.4 ಕಿಲೋಮೀಟರ್ ಚಾಚಿದ ಈ ತಂತಿಗಳು 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದವು. ಅದರಿಂದ ತಯಾರಾದ ಆಕಾಶದ ನಕ್ಷೆಯನ್ನು ದ್ವಾರಕಾನಾಥ್ ಮತ್ತು ಉದಯಶಂಕರ್ 1990ರಲ್ಲಿ ಪ್ರಕಟಿಸಿದರು.

ಹ್ಯಾಮ್‌ಗಳಿಗೆ ಈ ಖಗೋಳದವರ ಋಣ ಇನ್ನೂ ಒಂದಿದೆ. ಪಲ್ಸಾರ್ ಜೋಡಿಯ ಶೋಧಕ್ಕಾಗಿ 1993ರಲ್ಲಿ ನೊಬೆಲ್ ಪಡೆದ ಜೋಸೆಫ್ ಟೇಲರ್ ಸ್ವತಃ ಹ್ಯಾಮ್. ನಕ್ಷತ್ರಗಳ ಸಣ್ಣ ಮಿಡಿತವನ್ನು ಗದ್ದಲದಿಂದ ಹೆಕ್ಕಿದ ಅನುಭವವನ್ನು ಅವರು ಹವ್ಯಾಸಿಗಳ ಕಂಪ್ಯೂಟರ್ ತಂತ್ರಾಂಶಕ್ಕೆ ತಂದರು. ಸ್ಟೀವ್ ಫ್ರಾಂಕ್ ಜೊತೆಗೂಡಿ ಅವರು 2017ರಲ್ಲಿ ರೂಪಿಸಿದ 'ಎಫ್‌ಟಿ8' ಎಂಬ ಕ್ರಮ ಸುಮಾರು 50 ಹರ್ಟ್ಸ್ ಅಗಲದ ಕಿಂಡಿಯಲ್ಲಿ, ಕಿವಿಗೆ ಕೇಳಿಸದ ಸಂಕೇತವನ್ನೂ ಓದಿ ಹೇಳುತ್ತದೆ. ಪುಟ್ಟ ಸಂದೇಶಕ್ಕೆ ಹದಿನೈದು ಸೆಕೆಂಡಿನ ಒಂದು ಸರದಿ ಬೇಕು, ಅಷ್ಟೆ. ನಿಧಾನವಾಗಿ ಹೇಳಿದರೆ ಗದ್ದಲದಲ್ಲೂ ಕೇಳಿಸುತ್ತದೆ ಎಂಬ ಹಳೆಯ ಮಾತಿಗೆ ಇದು ಹೊಸ ಉದಾಹರಣೆ.

ಇತ್ತ ನಾವು ಅಟ್ಟಬೇಕೆನ್ನುವ ಸಿಡಿಲಿನ ಸದ್ದೇ ಇನ್ನೊಬ್ಬರಿಗೆ ಬೇಕಾದ ಸಂಕೇತ. ಪುಣೆಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆಯವರು ದೇಶದ ಹಲವೆಡೆ ಗ್ರಾಹಕಗಳನ್ನಿಟ್ಟು, ಒಂದೇ ಸಿಡಿಲಿನ ಅಲೆ ಯಾವ ಠಾಣೆಗೆ ಎಷ್ಟು ಬೇಗ ಮುಟ್ಟಿತು ಎಂದು ಅಳೆಯುತ್ತಾರೆ. 30 ಕಿಲೋಮೀಟರ್ ಅಂತರಕ್ಕೆ ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗದ ವ್ಯತ್ಯಾಸ. ಅದರಿಂದಲೇ ಸಿಡಿಲು ಬಿದ್ದ ಜಾಗ ಗೊತ್ತಾಗುತ್ತದೆ. ಮೊಬೈಲಿನಲ್ಲಿ ಎಚ್ಚರಿಕೆ ಕೊಡುವ 'ದಾಮಿನಿ' ಬಂದದ್ದು ಈ ದಾರಿಯಲ್ಲೇ.

ರಜೆಗೊಂದು ಪ್ರಯೋಗ, ಜೊತೆಗೆ ಎಚ್ಚರಿಕೆ

ಕೇಳುವ ಈ ಪ್ರಯೋಗಕ್ಕೆ ಬೇಕಾದದ್ದು ಒಂದು ಟ್ರಾನ್ಸಿಸ್ಟರ್ ಮಾತ್ರ. ಅದರೊಳಗೆ ಪೆನ್ಸಿಲಿನಂಥ ಕಪ್ಪು ಫೆರೈಟ್ ಕಡ್ಡಿಗೆ ತಂತಿ ಸುತ್ತಿರುತ್ತಾರೆ. ಅದೇ ಒಂದು ಪುಟ್ಟ ಲೂಪ್. ಮಧ್ಯಮ ತರಂಗದ ಯಾವುದಾದರೂ ನಿಲಯವನ್ನು ಹಗಲಿನಲ್ಲಿ ಹಿಡಿದು ರೇಡಿಯೋವನ್ನು ಮೆಲ್ಲಗೆ ತಿರುಗಿಸಿ. ಒಂದು ಕೋನದಲ್ಲಿ ದನಿ ಅಡಗುತ್ತದೆ. ಆಗ ಕಡ್ಡಿಯ ತುದಿ ನಿಲಯದ ಕಡೆ ನೋಡುತ್ತಿದೆ ಎಂದು ಅರ್ಥ. ನಕ್ಷೆಯ ಮೇಲೆ ಸ್ಕೇಲಿಟ್ಟು ಪರೀಕ್ಷಿಸಿ.

ಇನ್ನೂ ಉತ್ಸಾಹವಿದ್ದರೆ 60 ಸೆಂಟಿಮೀಟರ್ ಚೌಕದ ಮರದ ಚೌಕಟ್ಟಿಗೆ ಸುಮಾರು 5 ಮಿಲಿಮೀಟರ್ ಅಂತರ ಬಿಟ್ಟು 12 ಸುತ್ತು ತಂತಿ ಸುತ್ತಿ. ಎರಡು ತುದಿಗಳನ್ನು ಹಳೆಯ ವಾಲ್ವ್ ರೇಡಿಯೋದ ಗ್ಯಾಂಗ್ ಕಂಡೆನ್ಸರಿಗೆ ಸೇರಿಸಿ. ಟ್ರಾನ್ಸಿಸ್ಟರನ್ನು ಅದರ ಪಕ್ಕ, ಒಳಗಿನ ಕಡ್ಡಿ ಚೌಕಟ್ಟಿಗೆ ಅಡ್ಡವಾಗಿ ಬರುವಂತೆ ಇಟ್ಟರೆ ಸಾಕು, ತಂತಿ ಜೋಡಿಸಬೇಕಾಗಿಲ್ಲ. ಕಂಡೆನ್ಸರ್ ತಿರುಗಿಸಿದಾಗ ದನಿ ಎದ್ದು ಬರುವುದನ್ನು ನೋಡಿ. 80 ಮೀಟರ್ ಪಟ್ಟಿಗಾದರೆ ಒಂದು ಮೀಟರ್ ಚೌಕಕ್ಕೆ ಮೂರು ಸುತ್ತು ಸಾಕಾಗುತ್ತದೆ. ಕೇಳುವುದರಿಂದ ಮಾತನಾಡುವುದಕ್ಕೆ ದಾಟಬೇಕೆಂದರೆ ಕೇಂದ್ರ ಸರ್ಕಾರದ ಸಂಪರ್ಕ ಸಚಿವಾಲಯ ನಡೆಸುವ ಪರೀಕ್ಷೆ ಪಾಸು ಮಾಡಬೇಕು. 1978ರ ಹವ್ಯಾಸಿ ರೇಡಿಯೋ ನಿಯಮಗಳು ಹನ್ನೆರಡು ತುಂಬಿದವರಿಗೂ ಅವಕಾಶ ಕೊಟ್ಟಿವೆ.

ತಂದೆ ತಾಯಿಯರು ಮಾತ್ರ ಮೂರು ವಿಷಯಗಳಲ್ಲಿ ಕಟ್ಟುನಿಟ್ಟಾಗಿರಬೇಕು. ಒಂದು, ಕರೆಂಟಿನ ತಂತಿಯ ಕೆಳಗಾಗಲಿ ಮೇಲಾಗಲಿ ಹತ್ತಿರವಾಗಲಿ ಆಂಟೆನಾ ಕಟ್ಟಬಾರದು. ಅಡಿಕೆ ಕೊಯ್ಯುವ ಅಲ್ಯೂಮಿನಿಯಂ ದೋಟಿ, ಕಾರ್ಬನ್ ಫೈಬರ್ ದೋಟಿ ಎರಡೂ ವಿದ್ಯುತ್ ಹಾಯಿಸುತ್ತವೆ, ತಂತಿ ಏರಿಸಲು ಅವನ್ನು ಬಳಸಬಾರದು. ಎರಡು, ಬೇಸಗೆಯಲ್ಲಿ ಕೆಲಸ ಮುಗಿದೊಡನೆ ಹೊರಗಿನ ತಂತಿಯನ್ನು ರೇಡಿಯೋದಿಂದ ಕಳಚಿ ಮನೆಯ ಹೊರಗೇ ಬಿಡಬೇಕು. ಮೂರು, ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗಿದೆ. ಆಗ ತಂತಿಯನ್ನು ಮುಟ್ಟಲೇಬಾರದು, ಎಲ್ಲರೂ ಮನೆಯೊಳಗಿರಬೇಕು. 2022ರ ಒಂದೇ ವರ್ಷದಲ್ಲಿ ದೇಶದಲ್ಲಿ 2,800ಕ್ಕೂ ಹೆಚ್ಚು ಮಂದಿ ಸಿಡಿಲಿಗೆ ಬಲಿಯಾದರು.

ರೇಡಿಯೋ ಇಲ್ಲೂ ನಮಗೆ ನೆರವಾಗುತ್ತದೆ. ಗುಡುಗು ಕಿವಿಗೆ ಬೀಳುವುದು ಇಪ್ಪತ್ತು ಕಿಲೋಮೀಟರ್ ಒಳಗೆ. ಟ್ರಾನ್ಸಿಸ್ಟರಿನ ಕರಕರ ಅದಕ್ಕೂ ಬಹಳ ಮೊದಲೇ ಬರುತ್ತದೆ. ಅಂಗಳದಲ್ಲಿ ಅಡಿಕೆ ಹರಡಿದವರು, ಗದ್ದೆಯಲ್ಲಿರುವವರು, ಮೈದಾನದಲ್ಲಿ ಆಡುವ ಮಕ್ಕಳು ಎಲ್ಲರಿಗೂ ಅದು ಉಪಯೋಗದ ಮಾತು. ಒಂದು ನೋಟುಬುಕ್ಕಿನಲ್ಲಿ ದಿನಾ ಸಂಜೆ ಆರಕ್ಕೆ ನಿಮಿಷಕ್ಕೆ ಎಷ್ಟು ಕರಕರ, ಯಾವ ದಿಕ್ಕಿನಿಂದ, ಆಮೇಲೆ ಮಳೆ ಬಂತೋ ಇಲ್ಲವೋ ಎಂದು ಬರೆದಿಡಿ. ಮಾರ್ಚ್‌ನಿಂದ ಜೂನ್‌ವರೆಗೆ ಬರೆದರೆ ಬೇಸಗೆಯ ಗುಡುಗು ಯಾವ ವಾರ ಏರಿತು, ಮುಂಗಾರು ಯಾವಾಗ ಅದನ್ನು ತಣಿಸಿತು ಎಂಬುದು ನಿಮ್ಮೂರಿನ ಲೆಕ್ಕದಲ್ಲೇ ಸಿಗುತ್ತದೆ.